ತಾಲೀಮಿನ ಸೈರನ್

ಸೈರನ್ ಕೂಗುತ್ತಿದ್ದಂತೆ ಊರ ಜನ ನಗುತ್ತ ಶಾಲೆಯತ್ತ ನಡೆದು ಬಂದರು. ಹೊಳೆದಂಡೆಯ ಮನೆಯ ಹೆಂಗಸೊಬ್ಬರು ಮಾತ್ರ ಕಟ್ಟಿದ ಎಮ್ಮೆಗಳನ್ನೆಲ್ಲ ಬಿಚ್ಚಿ ಓಡಿಸಿ, ಬರಿಗಾಲಲ್ಲೇ ಓಡಿಬಂದರು. ನಾನು ವಿಪತ್ತು ನಿರ್ವಹಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ನೆರೆ ಬಂದಾಗ ಊರು ಖಾಲಿ ಮಾಡಿಸುವುದು ಹೇಗೆಂಬ ತಾಲೀಮಿಗೆ ನಮ್ಮ ತರಗತಿಯವರೆಲ್ಲ ಮೂಡಲಗಿ ಕಡೆಯ ಆ ಹಳ್ಳಿಗೆ ಹೋಗಿದ್ದೆವು. ಇದು ತಾಲೀಮೆಂದು ಬೆಳಿಗ್ಗೆ ಗುಡಿಯ ಮೈಕಿನಲ್ಲಿ ಸಾರಿದ್ದು ಹೊಲದಲ್ಲಿದ್ದ ಆ ಹೆಂಗಸಿಗೆ ಕೇಳಿಸಿರಲಿಲ್ಲ.

"ಕಾಕೂ, ಖರೆ ನೀರು ಬಂದಿಲ್ರಿ. ಇದು ಬರೇ ತಾಲೀಮು," ಎಂದೆ.

ಅವರು ಅಲ್ಲೇ ನೆಲಕ್ಕೆ ಕುಳಿತರು. "ಹೋದ ಸಲ ಹೊಳಿ ಬಂದಾಗ ದನಾ ಬಿಚ್ಚಾಕಂತ ಹೊಳ್ಳಿ ಹೋದ ನಮ್ಮ ಮನಿಯವರು ತಿರುಗಿ ಬರಲಿಲ್ಲವಾ. ಅದಕ್ಕ ಮೊದಲ ಬಿಚ್ಚಿ ಬಂದ್ನಿ. ಆವತ್ತ ಈ ಸೈರನ್ ಯಾರೂ ಊದಲಿಲ್ಲ."

ತಾಲೀಮು ಚೆನ್ನಾಗಿ ನಡೆಯಿತೆಂದು ನಮ್ಮ ಮೇಷ್ಟ್ರು ಬೆನ್ನು ತಟ್ಟಿದರು. ಕಬ್ಬಿನೊಳಗೆ ಚದುರಿದ ಎಮ್ಮೆಗಳನ್ನು ಆಕೆ ಇನ್ನೂ ಕೂಗಿ ಕರೆಯುತ್ತಿದ್ದಾಗಲೇ ನಾವು ಜೀಪು ಹತ್ತಿದೆವು.

ಈಗ ಅಲ್ಲಿನ ಹೊಳೆ ಘಟಪ್ರಭೆ ಮತ್ತೆ ಏರುತ್ತಿದೆ. ಆ ಊರಲ್ಲಿ ಸೈರನ್ ಇಲ್ಲ. ಅಂದು ಕೂಗಿದ್ದು ನಮ್ಮ ಕಾಲೇಜಿನದು, ಇಲ್ಲೇ ಕಪಾಟಿನಲ್ಲಿದೆ.