ಗಂಡಸರ ಟೂರಿನ ಚೀಟಿ ಮೇಡಂ

ಗಿರಾಕಿಗಳು ಆಕೆಯನ್ನು ಚೀಟಿ ಮೇಡಂ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲೆ, ಗಂಡ ಹೆಂಡತಿ ಸೇರಿ ನಡೆಸುವ ಒಂದೂವರೆ ಕೋಣೆಯ ಟೂರ್ ಆಫೀಸು. ಒಂದರಲ್ಲಿ ಗಂಡ, ಅರ್ಧದಲ್ಲಿ ಈಕೆ, ನಡುವೆ ಪ್ಲೈವುಡ್ಡಿನ ಗೋಡೆ. ಪೈಪು, ಪೇಂಟು ಮಾರುವ ಅಂಗಡಿಯವರು ವರ್ಷದ ಮಾರಾಟದ ಗುರಿ ಮುಟ್ಟಿದರೆ ಮಾಲಿನ ಕಂಪನಿ ಅವರನ್ನು ನಾಲ್ಕು ದಿನ ವಿದೇಶಕ್ಕೆ ಕಳಿಸುತ್ತಿತ್ತು, ಹೆಂಡತಿಯರನ್ನು ಬಿಟ್ಟು. ಅವರನ್ನು ಕರೆದುಕೊಂಡು ಹೋಗುವ ಲೀಡರು ಈಕೆಯ ಗಂಡ. ಹನ್ನೊಂದು ವರ್ಷದಿಂದ ಅದೇ ಊರು, ಅದೇ ಹೋಟೆಲು.

ಚೀಟಿ ಎರಡು ಬಗೆ. ಮೊದಲನೆಯದರಲ್ಲಿ ಬುದ್ಧಿಮಾತು: ನಲ್ಲಿ ನೀರು ಕುಡಿಯಬೇಡಿ, ಮೀಟರ್ ಹಾಕದ ಟ್ಯಾಕ್ಸಿ ಹತ್ತಬೇಡಿ, ಪಾಸ್‌ಪೋರ್ಟನ್ನು ಯಾರ ಬಳಿಯೂ ಒತ್ತೆ ಇಡಬೇಡಿ. ಎರಡನೆಯದು ಕೊರಳಿಗೆ ನೇತುಹಾಕಿಕೊಳ್ಳುವುದು: ರಕ್ತದ ಗುಂಪು, ಒಗ್ಗದ ಔಷಧ, ಮನೆಯ ಫೋನು, ಹಿಂಬದಿಗೆ ಆ ಊರಿನ ಲಿಪಿಯಲ್ಲೇ ಹೋಟೆಲಿನ ವಿಳಾಸ. ಐವತ್ತು ದಾಟಿದ, ಹೊಟ್ಟೆ ಬೆಳೆದ ಗಂಡಸರನ್ನು ಎದುರಿಗೆ ಕೂರಿಸಿಕೊಂಡು ಆಕೆ ಒಂದೇ ದನಿಯಲ್ಲಿ ಕೇಳುತ್ತಿದ್ದಳು, "ನಿಮಗೆ ಏನು ಒಗ್ಗಲ್ಲ?" ಅವರು ಶಾಲೆಯ ಮಕ್ಕಳಂತೆ ಕೈ ಕಟ್ಟಿಕೊಂಡು ಹೇಳುತ್ತಿದ್ದರು.

ಆಮೇಲೆ ಅವರೇ ಪ್ಲೈವುಡ್ಡಿನ ಆಚೆ ಹೋಗಿ ಕುರ್ಚಿಯನ್ನು ಲೀಡರ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

"ಸಾರ್, ಅದರ ವ್ಯವಸ್ಥೆ?"

"ಅಲ್ಲಿಗೆ ಹೋದ್ಮೇಲೆ ಮಾತಾಡೋಣ. ಮೇಡಂ ಇದಾರೆ."

ಗೋಡೆಗೂ ಕಿವಿಯುಂಟು ಎನ್ನುತ್ತಾರೆ. ಇಲ್ಲಿ ಗೋಡೆಯೇ ಇರಲಿಲ್ಲ, ಬರೀ ಹಲಗೆ. ಆಕೆಗೆ ಎಲ್ಲವೂ ಕೇಳಿಸುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಆ ಗಂಡಸರ ಮೇಲಲ್ಲ, ಅವರು ಹಾಳಾಗಿ ಹೋಗಲಿ. ಬೆಲ್ಲ ಹಂಚುವವನು ಕೈ ನೆಕ್ಕದೆ ಇರುತ್ತಾನೆಯೇ ಎಂಬುದೇ ಆಕೆಯ ಸಂಕಟ. ಕೇಳಿದರೆ ಗಂಡ ನಗುತ್ತಿದ್ದ. "ನಾನು ಕಾಯೋನು ಕಣೆ, ಮೇಯೋನಲ್ಲ." ಆದರೆ ಆಕೆ ತೋಳು ಹಿಂದಕ್ಕೆ ಮಡಿಸಿ ಕಳಿಸಿದ ಅಂಗಿಗಳು ವರ್ಷ ವರ್ಷವೂ ಸುರುಳಿ ಸುತ್ತಿಕೊಂಡು ವಾಪಸ್ಸು ಬರುತ್ತಿದ್ದವು. ಹೋಟೆಲಿನ ಲಾಂಡ್ರಿಯವರು ಎಂದು ಆತ ಹೇಳುತ್ತಿದ್ದ. ಲಾಂಡ್ರಿಯವರು ಬನಿಯನ್ನನ್ನೂ ಅಷ್ಟು ಅಕ್ಕರೆಯಿಂದ ಸುತ್ತುತ್ತಾರೆಯೇ? ಮುಖ ಕಾಣದ, ಹೆಸರು ತಿಳಿಯದ ಒಬ್ಬಳ ಜೊತೆ ಆಕೆ ಸ್ನಾನ ಮಾಡುವಾಗಲೂ ಜಗಳವಾಡುತ್ತಿದ್ದಳು.

ಈ ವರ್ಷದ ಟೂರಿನ ಮೂರನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಗಂಡನ ನಂಬರಿನಿಂದ ಫೋನು ಬಂತು. ಎತ್ತಿದರೆ ಹೆಣ್ಣಿನ ದನಿ, ಮುರುಕು ಇಂಗ್ಲಿಷು. ಈಕೆಯದೂ ವೀಸಾ ಫಾರ್ಮಿನ ಇಂಗ್ಲಿಷೇ ಆದ್ದರಿಂದ ಇಬ್ಬರಿಗೂ ಸರಿಹೋಯಿತು. ತಂಡದವರು ದೋಣಿಯಲ್ಲಿ ದ್ವೀಪ ನೋಡಲು ಹೋಗಿದ್ದಾರೆ, ಇವರಿಗೆ ಹೊಟ್ಟೆನೋವು ಜಾಸ್ತಿಯಾಗಿ ತಾನೇ ಆಸ್ಪತ್ರೆಗೆ ಕರೆತಂದೆ, ಅಪೆಂಡಿಕ್ಸಂತೆ, ಈಗ ಒಳಗೆ ಆಪರೇಷನ್ ಎಂದಳು ಅವಳು.

"ಈ ನಂಬರ್ ಹೇಗೆ ಸಿಕ್ತು?"

"ಅವರು ದಿನಾ ಬೆಳಿಗ್ಗೆ ಎದ್ದ ತಕ್ಷಣ ಮಾತಾಡೋ ನಂಬರ್ ಇದು. ಅದಕ್ಕೇ ಒತ್ತಿದೆ."

ದಿನಾ ಬೆಳಿಗ್ಗೆ, ಎದ್ದ ತಕ್ಷಣ. ಆಕೆಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಗಂಡನಿಗೆ ಪೆನಿಸಿಲಿನ್ ಒಗ್ಗುವುದಿಲ್ಲ. ಹಿಂದೊಮ್ಮೆ ಚುಚ್ಚಿದಾಗ ಉಸಿರು ಕಟ್ಟಿ ಸಾವಿನ ಬಾಗಿಲು ತಟ್ಟಿ ಬಂದಿದ್ದ. ನಲವತ್ತು ಜನರ ಕೊರಳಿಗೆ ಚೀಟಿ ಕಟ್ಟಿದ ಈಕೆ ಗಂಡನಿಗೆ ಮಾತ್ರ ಹನ್ನೊಂದು ವರ್ಷದಲ್ಲಿ ಒಂದು ಚೀಟಿಯನ್ನೂ ಬರೆದಿರಲಿಲ್ಲ. ಮನೆಯವರೇ ತಾನೆ, ಅವರಿಗೇಕೆ ಚೀಟಿ? ದೀಪದ ಬುಡದಲ್ಲೇ ಕತ್ತಲೆ.

"ಓಡಿ ಹೋಗಿ ಡಾಕ್ಟರಿಗೆ ಹೇಳಿ. ಪೆನಿಸಿಲಿನ್ ಕೊಡಬಾರದು. ಪ್ರಾಣ ಹೋಗತ್ತೆ."

"ಗೊತ್ತು," ಎಂದಳು ಅವಳು, ಸಮಾಧಾನದಿಂದ. "ಬಂದ ತಕ್ಷಣ ಹೇಳಿದೆ. ಬರೆದೂ ಕೊಟ್ಟೆ."

ಫೋನು ಇಟ್ಟ ಮೇಲೆ ಆಕೆ ಮೇಜಿಗೆ ತಲೆಯಿಟ್ಟು ಅತ್ತಳು. ತಾಳಿ ಉಳಿಯಿತೆಂಬ ನಿರಾಳಕ್ಕೆ ಅಲ್ಲ. ಉಳಿಸಿದವಳು ಅವಳಾದಳಲ್ಲ ಎಂಬ ಹೊಟ್ಟೆಕಿಚ್ಚಿಗೆ. ಇಂಥ ಹೊತ್ತಿನಲ್ಲೂ ಹೀಗೆ ಅನಿಸುತ್ತದಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು, ಆದರೂ ಕಿಚ್ಚು ಆರಲಿಲ್ಲ.

ಒಂಬತ್ತನೆಯ ದಿನ ಗಂಡ ಮನೆಗೆ ಬಂದ. ಮಂಚದಲ್ಲಿ ಒರಗಿಸಿ, ಹೊಟ್ಟೆಯ ಮೇಲಿನ ಹಳೆಯ ಪಟ್ಟಿಯನ್ನು ಆಕೆ ಮೆಲ್ಲಗೆ ಬಿಚ್ಚುತ್ತಿದ್ದಳು.

"ಹೋಟೆಲಿನವರೇ ಆಸ್ಪತ್ರೆಗೆ ಸೇರಿಸಿದ್ರು. ಒಳ್ಳೆ ಜನ," ಎಂದ ಆತ.

"ಫೋನ್ ಮಾಡಿದ್ದು ಅವಳು. ಪೆನಿಸಿಲಿನ್ ವಿಷಯ ಹೇಳಿದ್ದೂ ಅವಳೇ."

ಗಂಡನ ಮುಖ ಬಿಳುಚಿತು. ಆತ ಆಕೆಯ ಕೈ ಹಿಡಿದುಕೊಂಡ. "ತಪ್ಪಾಯ್ತು ಕಣೆ. ಆದ್ರೆ ಅದೆಲ್ಲ ಅಲ್ಲಿಗೇ ಮುಗೀತು. ಅವಳು ಯಾರು, ಏನು ಅಂತ್ಲೂ ನಾನು ಕೇಳ್ದೋನಲ್ಲ. ಮನಸ್ಸಿನಲ್ಲಿ ನೀನೊಬ್ಬಳೇ."

ಆಕೆ ಕೈ ಬಿಡಿಸಿಕೊಂಡು ಹೊಸ ಹತ್ತಿ ತೆಗೆದಳು. ಆಮೇಲೆ, ಗಿರಾಕಿಗಳನ್ನು ಕೇಳುವ ಅದೇ ದನಿಯಲ್ಲಿ, ತಲೆ ಎತ್ತದೆ ಕೇಳಿದಳು.

"ಅವಳಿಗೆ ಏನು ಒಗ್ಗಲ್ಲ?"

"ಕಡಲೆಬೀಜ," ಎಂದ ಗಂಡ. "ಒಂದು ಕಾಳು ತಿಂದ್ರೂ ತುಟಿ ಊದ್ಕೊಳ್ಳತ್ತೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ನನಗೆ?"

ಗಂಡ ಆಕೆಯ ಮುಖ ನೋಡಿದ, ಫ್ಯಾನು ನೋಡಿದ, ಕಿಟಕಿ ನೋಡಿದ. ಆಕೆ ಕಾದಳು. ಇಷ್ಟು ವರ್ಷದಲ್ಲಿ ಯಾರಿಗೂ ಆಕೆ ಇಷ್ಟು ಹೊತ್ತು ಕಾದದ್ದಿಲ್ಲ.

"ನಿನಗೇನೇ," ಎಂದು ಆತ ಕೊನೆಗೆ ನಗಲು ನೋಡಿದ, "ನಿನಗೆ ಅಂಥಾದ್ದು ಏನೂ ಇಲ್ವಲ್ಲ."

ಮಗಳು ಹುಟ್ಟಿದ ವಾರದಲ್ಲಿ ಸಲ್ಫಾ ಮಾತ್ರೆ ನುಂಗಿ, ಮೈಯೆಲ್ಲ ದದ್ದೆದ್ದು, ಕಣ್ಣು ಮುಚ್ಚಿಹೋಗಿ ಆಕೆ ಆರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಆ ಆರು ದಿನವೂ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದವನು ಇದೇ ಗಂಡ.