ಅಕ್ಕ ಕಟ್ಟಿದ ರಿಮೋಟ್ ಕಾರು

ಡಬ್ಬಿಯ ಮುಚ್ಚಳ ತೆಗೆದೊಡನೆ ಹೊಸ ರಬ್ಬರಿನ ವಾಸನೆ ಬಂತು. ಚಪ್ಪಲಿ ಅಂಗಡಿಯ ವಾಸನೆಯಲ್ಲ, ಸೈಕಲ್ ಟ್ಯೂಬಿನದೂ ಅಲ್ಲ. ಸ್ವಲ್ಪ ಸಿಹಿಯಾಗಿ ಗಂಟಲಲ್ಲಿ ನಿಲ್ಲುವಂಥದ್ದು. ಹೊಸಕೋಟೆಯ ಆ ಮನೆಯಲ್ಲಿ ಸೋಫಾದ ತುದಿಗೆ ಕುಳಿತಿದ್ದ ನನಗೆ ದೊಡ್ಡಬಳ್ಳಾಪುರದ ಹಳೆಯ ಬೀದಿ, ಮಗ್ಗಗಳ ಸದ್ದು, ಮೊರದ ತುಂಬ ಹರಡಿದ್ದ ಸ್ಕ್ರೂಗಳು ಎಲ್ಲ ಒಟ್ಟಿಗೇ ನೆನಪಾದವು. ಅವುಗಳ ಹಿಂದೆಯೇ ಅಕ್ಕ...

ಇದು ಈ ಸಲದ ದಸರೆಗೆ ಸುಮಾರು ಒಂದು ತಿಂಗಳ ಮೊದಲಿನ ಮಾತು. ಡಬ್ಬಿ ತರಿಸಿದ್ದವನು ಅಕ್ಕನ ಮಗ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಸ ಅವನಿಗೆ; ತಲೆ ಆಗಲೇ ನರೆತಿದೆ. ಅವನು ಚಿಕ್ಕವನಾಗಿದ್ದಾಗ ಅವರ ಮನೆಗೆ ಬಂದಿದ್ದ ರಿಮೋಟ್ ಕಾರನ್ನು ಜಪಾನಿನ ಕಂಪನಿಯವರು ಎಂದೋ ನಿಲ್ಲಿಸಿದ್ದರಂತೆ. ಈಗ ಹಳೆಯ ಅಚ್ಚುಗಳನ್ನು ಹೊರತೆಗೆದು ಮತ್ತೆ ಮಾಡುತ್ತಿದ್ದಾರಂತೆ. ಅದೇ ಡಬ್ಬಿ, ಮುಚ್ಚಳದ ಮೇಲೆ ಧೂಳೆಬ್ಬಿಸಿಕೊಂಡು ಬರುವ ಕಾರಿನ ಅದೇ ಚಿತ್ರ.

"ಒಂದು ಸ್ಕ್ರೂ ಕೂಡ ಬೇರೆ ಇಲ್ಲ ಚಿಕ್ಕಮ್ಮ. ಎಲ್ಲಾ ಅದೇ," ಎಂದು ಬಂದಾಗಿನಿಂದ ಹೇಳುತ್ತಲೇ ಇದ್ದ.

ಎರಡು ತರಿಸಿದ್ದ. ಒಂದು ಬಿಡಿಭಾಗ ಜೋಡಿಸಿ ಕಟ್ಟುವುದಕ್ಕೆ, ಇನ್ನೊಂದು ಬಿಚ್ಚದೆ ಇಡುವುದಕ್ಕೆ. ಬಿಚ್ಚದೆ ಇಟ್ಟುಕೊಂಡು ಏನಪ್ಪಾ ಮಾಡ್ತೀಯ ಎಂದರೆ, "ಸುಮ್ನೆ, ಇರ್ಲಿ ಅಂತ," ಎಂದ. ಅವನ ಮಗಳು ಬಂದು ಡಬ್ಬಿಯೊಳಗೆ ಇಣುಕಿ, "ಕಟ್ಟಿರೋದೇ ಬರಲ್ವಾ ಅಪ್ಪ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೊಬೈಲ್ ನೋಡುತ್ತ ಒಳಗೆ ಹೋದಳು. ಅವನು ನನ್ನ ಕಡೆ ತಿರುಗಿ ನಕ್ಕ. ದಣಿದವರ ನಗು ಅದು. "ಇದನ್ನ ತಗೋಳೋವ್ರೆಲ್ಲ ನನ್ನ ವಯಸ್ಸಿನವ್ರೇ ಚಿಕ್ಕಮ್ಮ. ನಾವಿರೋಗಂಟ ಮಾಡ್ತಾರೆ. ಆಮೇಲೆ ಅಚ್ಚೆಲ್ಲ ಗುಜರಿಗೆ."

ಅವನಮ್ಮ ಕಾರು ಕಟ್ಟಿದ್ದನ್ನು ಪಕ್ಕದಲ್ಲಿ ಕೂತು ನೋಡಿದವಳು ಈಗ ನಾನೊಬ್ಬಳೇ. ಅದಕ್ಕೇ ಕರೆಸಿಕೊಂಡಿದ್ದ.

ನಾನು ಮಧುರೆ ಹೋಬಳಿಯ ಕಡೆಯವಳು. ರಾಗಿ, ಹುರುಳಿ, ಹಸು ನೋಡಿಕೊಂಡು ಬೆಳೆದವಳು ಮದುವೆಯಾಗಿ ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆ ಬಂದೆ. ಮೊದಮೊದಲು ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ಮನೆಮನೆಯಲ್ಲೂ ಪವರ್‌ಲೂಮ್, ಎದುರಿಗಿದ್ದವರ ಮಾತು ಕೇಳಬೇಕಾದರೆ ತುಟಿ ನೋಡಬೇಕು. ಪಕ್ಕದ ಮನೆಯವರನ್ನು ನಾನು ಅಕ್ಕ ಎಂದೆ, ಅವರ ಯಜಮಾನರನ್ನು ಭಾವ ಎಂದೆ. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೇ ಬಂತು. ಮಗ್ಗಗಳು ಭಾವನವು. ಸೀರೆಯ ಬಣ್ಣ, ಅಂಚು ಯಾವುದಿರಬೇಕೆಂದು ಹೇಳುವವರೂ ಭಾವನೇ. ಅಕ್ಕನ ಕೆಲಸ ಎಳೆ ಕಟ್ಟುವುದು: ಮಗ್ಗದಲ್ಲಿ ಮುಗಿಯುತ್ತ ಬಂದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುವುದು. ಎಳೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಕೂತರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕತ್ತೆತ್ತುತ್ತಿರಲಿಲ್ಲ. ಅವರ ಕೈಯಿಂದ ದಾಟಿಹೋದ ರೇಷ್ಮೆಯಲ್ಲಿ ಅವರದೆನ್ನುವ ಸೀರೆ ಒಂದೂ ಇರಲಿಲ್ಲ. ಆ ಮನೆಯಲ್ಲಿ ಅವರದೆನ್ನುವ ವಸ್ತು ಯಾವುದಿತ್ತು ಎಂದು ಯೋಚಿಸಿದರೆ... ಮೊದಲು ಯಾವುದೂ ಇರಲಿಲ್ಲ.

ದುಬೈನಲ್ಲಿದ್ದ ಅವರ ತಮ್ಮ ರಜೆಗೆ ಬಂದಾಗ ಅಕ್ಕನ ಮಗನಿಗೆಂದು ಆ ಡಬ್ಬಿ ತಂದ. ಹುಡುಗ ಆಸೆಯಿಂದ ಮುಚ್ಚಳ ತೆಗೆದರೆ ಒಳಗೆ ಕಾರಿಲ್ಲ. ಪುಟ್ಟ ಪುಟ್ಟ ಪೊಟ್ಟಣಗಳು, ಕಡ್ಡಿಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು. "ಮಾಮ ತಂದಿರೋ ಕಾರು ದಾರೀಲೇ ಒಡೆದುಹೋಗೈತೆ," ಎಂದು ಅತ್ತುಕೊಂಡು ಕ್ರಿಕೆಟ್ ಆಡಲು ಹೋದ. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ತಮ್ಮ ತಂದದ್ದು ಹಾಳಾಗಬಾರದೆಂದು ಅಕ್ಕ ಅದನ್ನು ಎತ್ತಿಟ್ಟರು. ಆಮೇಲೊಂದು ಮಧ್ಯಾಹ್ನ ನಾನು ಹೋದಾಗ ಮೊರದಲ್ಲಿ ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತ ಕೂತಿದ್ದರು.

"ಓದಕ್ಕೆ ಬರ್ದಿದ್ರೂ ಪರ್ವಾಗಿಲ್ಲ ಕಣೇ. ಇದ್ರ ಪುಸ್ತಕ್ದಲ್ಲಿ ಬರೀ ಚಿತ್ರ. ಈ ಎಳೆ ಆ ಎಳೆಗೆ ಅಂತ ತೋರ್ಸವ್ರೆ, ಅಷ್ಟೆ."

ಮಳೆಗಾಲವೆಲ್ಲ ಅದರಲ್ಲೇ ಕಳೆಯಿತು. ಊಟವಾಗಿ, ಪಾತ್ರೆ ಮುಗಿದು, ಸಂಜೆಯ ಕೆಲಸಕ್ಕೆ ಮುಂಚೆ ಸಿಗುವ ಹೊತ್ತು ಅವರದು. ಒಂದು ಪುಟದ ಕೆಲಸ ಪೂರ್ತಿಯಾಗದೆ ಇನ್ನೊಂದು ಪುಟ ತಿರುಗಿಸುತ್ತಿರಲಿಲ್ಲ. ಕೊನೆಗೆ ಬಂದದ್ದು ಮೇಲಿನ ಕವಚ. ಅದು ನೀರಿನ ಹಾಗೆ ತಿಳಿಯಾದ ಪ್ಲಾಸ್ಟಿಕ್. ಬಣ್ಣವನ್ನು ಒಳಗಡೆಯಿಂದ ಬಳಿಯಬೇಕು, ಹೊರಗಿನಿಂದ ಹೊಳೆಯಬೇಕು. ಮೊದಲು ಗೆರೆ, ಆಮೇಲೆ ಮೈಬಣ್ಣ. ನನಗೆ ಅದು ತಲೆಗೇ ಹೋಗಲಿಲ್ಲ. ಅಕ್ಕ ನಕ್ಕು, "ಸೀರೆ ತಿರುವಿ ಹಾಕ್ಕೊಂಡು ಹಿಂದ್ಗಡೆಯಿಂದ ನೋಡ್ಕೊಂಡು ನೇದಂಗೆ," ಎಂದರು. ಡಬ್ಬಿಯ ಮೇಲೆ ಕೆಂಪು ಕಾರಿತ್ತು. ಅಕ್ಕ ಬೋರ್ಡು ಬರೆಯುವವನ ಹತ್ತಿರ ಬಣ್ಣ ತರಿಸಿ, ಅರಿಶಿನದ ಮೈ, ಕುಂಕುಮದ ಅಂಚು ಮಾಡಿದರು. ಆ ಮನೆಯಲ್ಲಿ ಬಣ್ಣ ಯಾವುದಿರಬೇಕೆಂದು ಅವರು ತಾವೇ ಆರಿಸಿದ್ದು ಅದೊಂದಕ್ಕೇ ಇರಬೇಕು.

ಕರೆಂಟು ಇರುವಾಗ ಬ್ಯಾಟರಿ ಚಾರ್ಜಿಗೆ. ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಗಾಡಿ ಹಿತ್ತಲಿಗೆ. ಆ ಮೌನದಲ್ಲಿ ಕಾರಿನ ಕುಯ್ಯೆನ್ನುವ ಸದ್ದೊಂದೇ. ಇಟ್ಟಿಗೆ ಚೂರಿನ ದಿಬ್ಬ ಹತ್ತಿ ಹಾರುತ್ತಿತ್ತು, ತುಳಸಿಕಟ್ಟೆ ಸುತ್ತುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಕೈಯಲ್ಲೂ ರಿಮೋಟ್ ಹಿಡಿದು ನಿಂತ ಅಕ್ಕನನ್ನು ನೋಡಿದರೆ ಇವರೇನಾ ಬೆಳಗ್ಗೆ ಮಗ್ಗದ ಹಿಂದೆ ಬಗ್ಗಿ ಕೂತಿದ್ದವರು ಎನಿಸುತ್ತಿತ್ತು.

ಹಿಂದಿನ ಬೀದಿಯ ಅಜ್ಜಿಯೊಬ್ಬರು ಗೋಡೆ ಮೇಲಿಂದ ಕೂಗುತ್ತಿದ್ದರು: "ಏನವ್ವಾ, ನಿನ್ ಕಾರು ದಿನಕ್ಕೆ ಎಷ್ಟು ಹಾಲು ಕೊಡ್ತದೆ?"

"ಹಾಲು ಕೊಡಲ್ಲ ಅಜ್ಜಿ. ಸಗಣೀನೂ ಹಾಕಲ್ಲ," ಎನ್ನುತ್ತಿದ್ದರು ಅಕ್ಕ, ಕಾರಿನ ಮೇಲಿನ ಕಣ್ಣು ತೆಗೆಯದೆ.

ಭಾವ ಬೈದವರಲ್ಲ. ಹೊಗಳಿದವರೂ ಅಲ್ಲ. ಹಿತ್ತಲಿಗೆ ಬಂದರೆ ಕಾರಿಗೆ ದಾರಿ ಬಿಟ್ಟು, ಅದು ಕೋಳಿಯೋ ಬೆಕ್ಕೋ ಎನ್ನುವಂತೆ ದಾಟಿಕೊಂಡು ಹೋಗುತ್ತಿದ್ದರು. ಅಕ್ಕನನ್ನು ಅದು ನೋಯಿಸುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಭಾವ ಬಂದಾಗ ದಿಬ್ಬ ಹಾರಿಸಿ ತೋರಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಆಯುಧ ಪೂಜೆಗೆ ಮಗ್ಗದ ಬೀದಿಯಲ್ಲಿ ಒಂದು ಕ್ರಮವಿತ್ತು. ಹಿಂದಿನ ದಿನ ಮಗ್ಗ ನಿಲ್ಲಿಸಿ, ಬಿಚ್ಚಲು ಬರುವ ಭಾಗಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯ ಟ್ರೇನಲ್ಲಿ ಮುಳುಗಿಸಿಡುತ್ತಿದ್ದರು. ವರ್ಷದ ಜಿಡ್ಡು, ನೂಲಿನ ಧೂಳು ಎಲ್ಲ ರಾತ್ರಿ ಕಳೆಯುವುದರೊಳಗೆ ಬಿಟ್ಟುಕೊಳ್ಳುತ್ತಿತ್ತು. ಬೆಳಗ್ಗೆ ಒರೆಸಿ, ಎಣ್ಣೆ ಬಿಟ್ಟು, ಜೋಡಿಸಿ, ಕುಂಕುಮ ಹಚ್ಚುವುದು. ಆ ವರ್ಷ ಹಬ್ಬದ ಬೆಳಗ್ಗೆ ಅಕ್ಕನ ಮನೆಗೆ ಹೂವು ಕೊಡಲು ಹೋದೆ. ಮಗ್ಗಗಳ ಸಾಲಿನಲ್ಲಿ, ಮೊದಲನೆಯ ಮಗ್ಗದ ಪಕ್ಕ, ಮಣೆಯ ಮೇಲೆ ಅಕ್ಕನ ಕಾರು ಇತ್ತು. ಚೆಂಡುಹೂವಿನ ಪುಟ್ಟ ಹಾರ ಹಾಕಿತ್ತು. ಪಕ್ಕದಲ್ಲಿ ಭಾವ, ಒಗೆದ ಪಂಚೆಯಲ್ಲಿ, ಏನೋ ಬಹುಮಾನ ಕೊಡುವವರ ಹಾಗೆ ನಿಂತಿದ್ದರು.

"ನಿನ್ ಮಿಷಿನ್ನೂ ಇಟ್ಟಿದೀನಿ ನೋಡು. ರಾತ್ರಿ ಎಲ್ಲಾದ್ರ ಜೊತೆ ನೆನೆಹಾಕಿದ್ದೆ. ಮಣ್ಣೆಲ್ಲ ಬಿಟ್ಕೊಂಡೈತೆ."

ಅಕ್ಕ ನೋಡಿದರು. ನಾನೂ ನೋಡಿದೆ. ಟೈರುಗಳು ನೆನೆದ ಅವರೆಕಾಳಿನ ಹಾಗೆ ಊದಿಕೊಂಡು ಚಕ್ರದಿಂದ ಕಳಚಿ ನಿಂತಿದ್ದವು. ಕವಚ ಬೆಳ್ಳಗೆ ಮಂಜಾಗಿ, ಮೈತುಂಬ ಸಣ್ಣ ಸಣ್ಣ ಬಿರುಕು. ಒಳಗಿನ ಅರಿಶಿನ, ಕುಂಕುಮದ ಬಣ್ಣ ಎದ್ದು ಬಂದು ಮೂಲೆಯ ಟ್ರೇನಲ್ಲಿ ತೇಲುತ್ತಿತ್ತು. ತಂತಿಗಳಿದ್ದ ಪೆಟ್ಟಿಗೆಯಿಂದ ಇನ್ನೂ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು.

"ಬಣ್ಣ ಮಾತ್ರ ಸ್ವಲ್ಪ ಹೋಯ್ತು," ಎಂದರು ಭಾವ. "ಬೋರ್ಡಿನವನ ಬಣ್ಣ, ಇನ್ನೇನಾಗ್ತದೆ. ಇನ್ನೊಂದ್ಸಲ ಹೊಡ್ಕೊ. ಟೈರ್ ನೋಡು, ಹೊಸದ್ರಂಗೆ ಮೆತ್ತಗಾಗವೆ. ಪೂಜೆ ಆದ್ಮೇಲೆ ನಾಳೆ ಓಡಿಸು, ನಾನೂ ನೋಡ್ತೀನಿ."

ಅಕ್ಕ ಒಳಗೆ ಹೋದರು. ಅಳಲು ಹೋದರೆಂದುಕೊಂಡೆ. ಆರತಿ ತಟ್ಟೆ ಹಿಡಿದುಕೊಂಡು ಬಂದರು. ಮಗ್ಗಗಳಿಗೆ ಎತ್ತಿದರು, ಕಾರಿಗೂ ಎತ್ತಿದರು. ಆಮೇಲೆ ತಟ್ಟೆ ಕೆಳಗಿಡುತ್ತ, "ನಾಳೆ ಓಡಲ್ಲ ಕಣ್ರೀ. ಬ್ಯಾಟರಿ ಹೋದ ವಾರಾನೇ ಸತ್ತೋಗೈತೆ," ಎಂದರು.

ಬ್ಯಾಟರಿ ಸತ್ತಿದೆಯೆಂದು ಯಾಕೆ ಹೇಳಿದಿರಿ ಎಂದು ಅಡುಗೆಮನೆಯಲ್ಲಿ ನಾನು ತಡೆಯಲಾರದೆ ಕೇಳಿದೆ. ಅಕ್ಕ ಒಬ್ಬಟ್ಟಿನ ಹೂರಣ ಉಂಡೆ ಮಾಡುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ನಿನ್ನ ಮಿಷಿನ್ನು ಅಂದ್ರು, ಕೇಳಿಸ್ಕೊಂಡ್ಯಾ? ಮಗ್ಗದ ಸಾಲಲ್ಲಿ ಇಟ್ಟವ್ರೆ. ಅಂಥಾವ್ರಿಗೆ, ನೀವೇ ಹಾಳ್ಮಾಡಿದ್ರಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನೂ ಹೇಳ್ಬೇಡ. ಯಾವತ್ತೂ."

ಸುಳ್ಳು ಅಲ್ಲಿಗೇ ಮುಗಿಯಲಿಲ್ಲ. ಭಾವ ನೇಯ್ದ ಸೀರೆಗಳನ್ನು ಅಂಗಡಿಗಳಿಗೆ ಹಾಕಲು ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗಲೆಲ್ಲ ಆ ಬ್ಯಾಟರಿ ಹುಡುಕತೊಡಗಿದರು. ಟಾರ್ಚಿನದು, ಆಟಿಕೆಯದು, ಯಾವುದೋ ಅಲಾರಮ್ಮಿನದು, ಹೀಗೆ ಏನಾದರೊಂದು ಹಿಡಿದು ಬರುತ್ತಿದ್ದರು. ಅಕ್ಕ ಪ್ರತಿ ಸಲವೂ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, "ಇದು ಸೆಟ್ ಆಗಲ್ಲ ಅನ್ಸುತ್ತೆ," ಎಂದು ಗೂಡಿನಲ್ಲಿಡುತ್ತಿದ್ದರು. ಕಾರನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟು, ಬಿಚ್ಚಿ ನೋಡಲು ಯಾರನ್ನೂ ಬಿಡಲಿಲ್ಲ. ಕರೆಂಟು ಹೋದಾಗ ಹಿತ್ತಲಿಗೆ ಬಂದು ಸುಮ್ಮನೆ ನಿಲ್ಲುವುದನ್ನು ಮಾತ್ರ ಬಹಳ ಕಾಲ ಬಿಡಲಿಲ್ಲ. ಗೋಡೆಯಾಚೆಯ ಅಜ್ಜಿಯೂ ಆಮೇಲಾಮೇಲೆ ಹಾಲಿನ ಮಾತೆತ್ತಲಿಲ್ಲ...

ಮಗ್ಗಗಳನ್ನು ಕೊಟ್ಟು, ಆ ಮನೆ ಬಿಟ್ಟು ಮಗನ ಜೊತೆ ಹೊಸಕೋಟೆಗೆ ಹೊರಟಾಗ ಆ ಗಂಟನ್ನು ಅಕ್ಕನೇ ಗುಜರಿ ಗಾಡಿಗೆ ಹಾಕಿದರು. ಬಟ್ಟೆ ಬಿಚ್ಚಲಿಲ್ಲ. ಅಲ್ಲಿಗೆ ಹೋದ ಮೇಲೆ ಹೆಚ್ಚು ವರ್ಷ ಇರಲೂ ಇಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಕಾರಿನ ಮಾತೇನೂ ಬರಲಿಲ್ಲ. ನನ್ನ ಕೈ ಹಿಡಿದುಕೊಂಡು, ಭಾವ ಊಟ ಮಾಡಿದರಾ ಎಂದಷ್ಟೇ ಕೇಳಿದರು.

ಮೊನ್ನೆ ಆಯುಧ ಪೂಜೆಯ ಹಿಂದಿನ ದಿನ ಮತ್ತೆ ಹೊಸಕೋಟೆಗೆ ಹೋದೆ. ಅಷ್ಟರಲ್ಲಿ ಅವನು ಭಾನುವಾರಗಳೆಲ್ಲ ಕೂತು ಹೊಸ ಕಾರನ್ನು ಕಟ್ಟಿ ಮುಗಿಸಿದ್ದ. ಬಣ್ಣ ಅಮ್ಮ ಹಾಕಿದ್ದೇ ಇರಲಿ ಎಂದು ನನ್ನನ್ನು ಫೋನಿನಲ್ಲಿ ಕೇಳಿ ಕೇಳಿ ಬಳಿದಿದ್ದ. ಅರಿಶಿನ ಸರಿಯಾಗಿತ್ತು, ಕುಂಕುಮ ಸ್ವಲ್ಪ ಕಪ್ಪಾಗಿತ್ತು. ಚೆನ್ನಾಗಿಯೇ ಇತ್ತು. ಆದರೆ ನೋಡುತ್ತಿದ್ದಂತೆ ನನಗೆ ಯಾಕೋ ಆಯಾಸವಾಯಿತು. ಅಷ್ಟೊಂದು ಅದೇ ಥರ ಇರಬಾರದಿತ್ತು ಅನಿಸಿತು. ಭಾವ ಅದನ್ನು ಮಡಿಲಲ್ಲಿಟ್ಟುಕೊಂಡು ಚಕ್ರ ತಿರುಗಿಸುತ್ತಿದ್ದರು.

"ಬಾಮ್ಮಾ. ನಾಳೆ ಇದನ್ನ ಪೂಜೆಗೆ ಇಡಾಣ," ಎಂದರು. ಮಗನ ಕಡೆ ತಿರುಗಿ, "ಲೋ, ಎಲ್ಲಾದ್ರೂ ಒಂಚೂರು ಸೀಮೆಎಣ್ಣೆ ತಗಂಬಾ. ನೆನೆಹಾಕ್ಬೇಕು. ಅವಳದ್ನ ನಾನೇ ತೊಳ್ದಿದ್ದೆ," ಎಂದರು.

"ಸೀಮೆಎಣ್ಣೆ ಈಗೆಲ್ಲಿ ಸಿಗುತ್ತಪ್ಪ, ರೇಷನ್ನಲ್ಲೂ ಕೊಡಲ್ಲ. ಬೈಕಿಂದ ಒಂಚೂರು ಪೆಟ್ರೋಲ್ ತೆಗೀಲಾ?"

"ಬೇಡ ಭಾವ," ಎಂದೆ. ದನಿ ಸ್ವಲ್ಪ ಜೋರಾಯಿತು. "ಇದಕ್ಕೆ ಸೀಮೆಎಣ್ಣೆ, ಪೆಟ್ರೋಲು ಏನೂ ಆಗಲ್ಲ. ಒಣ ಬಟ್ಟೇಲಿ ಒರೆಸಿದ್ರೆ ಸಾಕು. ಪ್ಲಾಸ್ಟಿಕ್ ತಡೆಯಲ್ಲ."

ಭಾವನ ಕೈ ಚಕ್ರದ ಮೇಲೇ ನಿಂತಿತು. "ತಡೆಯಲ್ವಾ? ಹಂಗಾದ್ರೆ ಅವಳ್ದು?"

"ಅದು ಬೇರೆ ಥರದ್ದು ಭಾವ. ಆಗಿನ ಕಾಲದ್ದು ಗಟ್ಟಿ. ಇದು ಬರೀ ನೋಡಕ್ಕೆ ಹಂಗೆ."

ಭಾವ ನನ್ನನ್ನು ಬಿಟ್ಟು ಮಗನನ್ನು ನೋಡಿದರು. "ಎಲ್ಲಾ ಅದೇ ಅಂದ್ಯಲ್ಲೋ. ಒಂದು ಸ್ಕ್ರೂ ಬೇರೆ ಇಲ್ಲ ಅಂದೆ."

ಅವನು ನನ್ನ ಮುಖ ನೋಡಿದ. "ಅದು ಅಂಗಡಿಯವ್ರು ಹೇಳೋದಪ್ಪ," ಎಂದ. "ಮಾರ್ಬೇಕಲ್ಲ. ಒಳಗೆಲ್ಲ ಬೇರೆ. ಪ್ಲಾಸ್ಟಿಕ್ಕೂ ಬೇರೆ, ಟೈರೂ ಬೇರೆ."

"ಹಂಗನ್ನು ಮತ್ತೆ," ಎಂದು ಭಾವ ಹೆಗಲ ಮೇಲಿನ ಟವೆಲ್ ತೆಗೆದು ಕಾರನ್ನು ಮೆಲ್ಲಗೆ ಒರೆಸತೊಡಗಿದರು. "ಅವಳದು ಒಳ್ಳೆ ಮಾಲು. ಬ್ಯಾಟರಿ ಒಂದು ಸಿಗಲಿಲ್ಲ, ಅಷ್ಟೆ."

ಸಂಜೆ ಅವನು ಬಸ್‌ಸ್ಟ್ಯಾಂಡಿನವರೆಗೆ ಬಂದ. ಬಸ್ಸು ಕಂಡ ಮೇಲೆ ಕೇಳಿದ.

"ಅಪ್ಪ ಅದನ್ನ ಸೀಮೆಎಣ್ಣೆಗೆ ಹಾಕ್ಬಿಟ್ಟಿದ್ರಾ ಚಿಕ್ಕಮ್ಮ?"

"ಹೂಂ ಕಣಪ್ಪ."

"ಅಮ್ಮ ಏನೂ ಅನ್ಲಿಲ್ವಾ?"

"ಆರತಿ ಎತ್ತಿದ್ರು."

ಅವನು ತಲೆಯಾಡಿಸಿದ. ನನ್ನ ಚೀಲ ಒಳಗೆ ಕೊಟ್ಟು, ಬಸ್ಸು ಹೊರಡುವವರೆಗೂ ಕೆಳಗೇ ನಿಂತಿದ್ದ. ಇಷ್ಟು ವರ್ಷ ಒಬ್ಬಳೇ ಹೊತ್ತದ್ದನ್ನು ಇನ್ನೊಬ್ಬರಿಗೆ ಹೇಳಿದ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ. ಕಿಟಕಿಗೆ ತಲೆಯಾನಿಸಿ ಕೂತೆ. ನಿಮ್ಮ ಮಗನೂ ನಿಮ್ಮ ಹಾಗೇ, ಕಣ್ಣು ಮಿಟುಕಿಸದೆ ಸುಳ್ಳು ಹೇಳ್ತಾನೆ ಅಕ್ಕ ಎಂದು ಹೇಳಬೇಕೆನಿಸಿತು. ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಹೇಳೋಣವೆಂದರೆ ಅಕ್ಕ ಇಲ್ಲ.