ಹತ್ತಿದವನ ಬಾಯಿಂದಲೇ

ನನ್ನದು ಮೊದಲಿನಿಂದಲೂ ಜೋರು ಬಾಯಿ. ಸುಂಕದಕಟ್ಟೆಯ ನಮ್ಮ ಬೀದಿಯಲ್ಲಿ ನೀರಿನ ಟ್ಯಾಂಕರಿನವನಿಂದ ಹಿಡಿದು ಕಸದ ಗಾಡಿಯವನವರೆಗೆ ಎಲ್ಲರಿಗೂ ಅದು ಗೊತ್ತು. ಅಂಥ ನಾನು ಕಳೆದ ವರ್ಷ ಆರು ತಿಂಗಳು, ದಿನಕ್ಕೆ ಎರಡು ಸಲ, ವಿಜಯನಗರದ ಮೆಟ್ರೋ ಸ್ಟೇಷನ್ ಹತ್ತಿರದ ಸ್ಕೂಟರ್ ಪಾರ್ಕಿಂಗಿನಲ್ಲಿ ಮೂಗಿಯಾಗಿದ್ದೆ. ಯಾಕೆಂದು ಮನೆಯಲ್ಲೂ ಹೇಳಿರಲಿಲ್ಲ.

ನನ್ನ ಕೆಲಸ ಗಾಳಿಯಂತ್ರಗಳನ್ನು ಕಾಯುವುದು. ಅವು ತಿರುಗುವುದು ಗದಗಿನ ಕಡೆಯ ಬೆಟ್ಟಗಳ ಮೇಲೆ. ನಾನು ಬೆಂಗಳೂರಿನಲ್ಲಿ ಕುಳಿತು ಪರದೆಯ ಮೇಲೆ ನೋಡುತ್ತೇನೆ. ತಿರುಗುತ್ತಿದ್ದರೆ ಹಸಿರು ಚುಕ್ಕೆ, ನಿಂತರೆ ಕೆಂಪು. ಇಲ್ಲಿಂದಲೇ ನಿಲ್ಲಿಸಬಹುದು, ಇಲ್ಲಿಂದಲೇ ಬಿಡಬಹುದು. ನಾನು ಸೇರಿದಾಗ ಆಫೀಸು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ಲೇತ್ ವರ್ಕ್‌ಶಾಪಿನ ಮೇಲಿತ್ತು. ಎರಡು ಪರದೆ, ಒಂದು ಬೆಟ್ಟ, ಅಷ್ಟೇ. ಆಮೇಲೆ ಬೆಟ್ಟದ ಮೇಲೆ ಬೆಟ್ಟ ಸೇರಿಕೊಳ್ಳುತ್ತಾ ಹೋಯಿತು. ಫ್ಯಾಕ್ಟರಿಗಳಿಗೆ ಕರೆಂಟ್ ಸಾಲದು, ಇನ್ನೂ ಬೇಕು, ಬೇಗ ಬೇಕು ಎಂಬ ಮಾತು ದಿನಾ ಕಿವಿಗೆ ಬೀಳುತ್ತಿತ್ತು. ತುಮಕೂರು ರಸ್ತೆಯಲ್ಲಿ ಒಂದೇ ಒಂದು ರೆಕ್ಕೆ ಹೊತ್ತ ಉದ್ದನೆಯ ಲಾರಿ, ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿಕೊಂಡು, ಇಡೀ ಟ್ರಾಫಿಕ್ಕನ್ನು ನಿಲ್ಲಿಸಿದಾಗ ಜನ ಹಾರ್ನ್ ಹೊಡೆದು ಬೈಯುತ್ತಿದ್ದರು. ನಾನು ಮಾತ್ರ ಸ್ಕೂಟರ್ ಮೇಲೆ ಕುಳಿತು ಹೆಮ್ಮೆಯಿಂದ ನೋಡುತ್ತಿದ್ದೆ. ಮನೆಯಲ್ಲಿ ಕರೆಂಟ್ ಹೋದರೆ ಮಗಳು, "ಅಮ್ಮಾ, ನಿನ್ನ ಫ್ಯಾನ್‌ನ ಸ್ವಲ್ಪ ಜೋರಾಗಿ ತಿರುಗ್ಸಮ್ಮ" ಎಂದು ರೇಗಿಸುತ್ತಿದ್ದಳು.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ರಿಪೇರಿಗೆ ಯಾರಾದರೂ ಯಂತ್ರ ಹತ್ತುವ ಮೊದಲು ನಮಗೆ ಫೋನ್ ಮಾಡಬೇಕು. ನಾವು ಅದನ್ನು ನಿಲ್ಲಿಸಿ, ಕೆಂಪು ರಟ್ಟಿನ ಚೀಟಿಯ ಮೇಲೆ ಹತ್ತುವವನ ಹೆಸರು ಬರೆದು ಪರದೆಯ ಮೂಲೆಗೆ ದಾರದಲ್ಲಿ ತೂಗುಹಾಕಬೇಕು. ಕೆಲಸ ಮುಗಿಸಿ ಇಳಿದ ಮೇಲೆ ಅವನೇ ಫೋನ್ ಮಾಡಬೇಕು. ಜೊತೆಯವನು ಹೇಳಿದರೆ ಆಗದು, ಜೀಪಿನ ಡ್ರೈವರ್ ಹೇಳಿದರೆ ಆಗದು. ಹತ್ತಿದವನ ಬಾಯಿಂದಲೇ ಕೇಳಿ ಚೀಟಿ ತೆಗೆಯಬೇಕು, ಆಮೇಲೆ ಯಂತ್ರ ಬಿಡಬೇಕು.

ಆ ಬೆಟ್ಟದ ಹುಡುಗರಲ್ಲಿ ಯಾರನ್ನೂ ನಾನು ನೋಡಿರಲಿಲ್ಲ, ದನಿಗಳಷ್ಟೇ ಗೊತ್ತು. ಅವರಲ್ಲಿ ಒಬ್ಬನ ದನಿ ನನಗೆ ಇಷ್ಟ. "ಹನ್ನೊಂದನೇದು ಹತ್ತಾಕತ್ತೀನ್ರಿ ಅಕ್ಕಾರ, ನಿಲ್ಸ್ರಿ. ಆತಲ್ಲ?" ಎನ್ನುತ್ತಿದ್ದ. ಇಳಿದ ಮೇಲೆ, "ಇಳದೇನ್ರಿ ಅಕ್ಕಾರ, ಬಿಡ್ರಿ. ಆತಲ್ಲ?" ಯಾವ ಮಾತಿಗೂ ಕೊನೆಯಲ್ಲಿ ಒಂದು "ಆತಲ್ಲ?" ಇರಲೇಬೇಕು. ನಾನು "ಆಯ್ತು" ಎನ್ನುವವರೆಗೆ ಫೋನ್ ಇಡುತ್ತಿರಲಿಲ್ಲ. ಅವನ ಹಿಂದೆ ಯಾವಾಗಲೂ ಗಾಳಿಯ ಸದ್ದು ಇರುತ್ತಿತ್ತು.

ಆವತ್ತು ಆಷಾಢ. ಗಾಳಿ ಭರ್ಜರಿಯಾಗಿ ಬೀಸುವ ತಿಂಗಳು, ಒಂದು ಯಂತ್ರ ನಿಂತರೂ ಮೇಲಿನವರು ಕುಣಿದಾಡುವ ತಿಂಗಳು. ಮಧ್ಯಾಹ್ನ ಹನ್ನೊಂದನೇ ಯಂತ್ರ ಕೆಂಪಾಗಿತ್ತು, ಅವನ ಹೆಸರಿನ ಚೀಟಿ ತೂಗುತ್ತಿತ್ತು. ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಏನಮ್ಮಾ, ಇನ್ನೂ ಕೆಂಪು? ಗಾಳಿ ನಿಂತ್ಮೇಲೆ ಬಿಡ್ತೀರಾ?" ಎಂದರು. ಅಷ್ಟರಲ್ಲಿ ಫೋನ್ ಬಂತು. ಅವನಲ್ಲ, ಅವನ ಜೊತೆಯವನು. "ಅಂವ ಇಳದಾನ್ರಿ ಮೇಡಮ್, ಚಾಲೂ ಮಾಡ್ರಿ."

ಅವನಿಗೆ ಫೋನ್ ಕೊಡಿ ಎನ್ನಬೇಕಿತ್ತು. ಮೂರು ಮಾತು. ದಿನವಿಡೀ ವಟವಟ ಎನ್ನುವ ನನಗೆ ಆ ಮೂರು ಮಾತಿಗೆ ಬಾಯಿ ಬರಲಿಲ್ಲ. ಚೀಟಿ ಕಿತ್ತೆ, ಯಂತ್ರ ಬಿಟ್ಟೆ. ಕೆಂಪು ಚುಕ್ಕೆ ಹಸಿರಾಯಿತು.

ಅವನು ಇಳಿದದ್ದು ನಿಜ. ಆದರೆ ಸ್ಪ್ಯಾನರ್ ಮೇಲೆಯೇ ಮರೆತದ್ದು ನೆನಪಾಗಿ ಮತ್ತೆ ಹತ್ತಿದ್ದ. ಅದಕ್ಕೇ ನನಗೆ ಫೋನ್ ಮಾಡಿರಲಿಲ್ಲ. ಜೊತೆಯವನು ಜೀಪಿನ ನೆರಳಿಗೆ ಹೋದವನು ಅದನ್ನು ನೋಡಿರಲಿಲ್ಲ. ಮೇಲೆ, ತಿರುಗುವ ದಂಡದ ಪಕ್ಕ ಬಿದ್ದಿದ್ದ ಸ್ಪ್ಯಾನರಿಗೆ ಕೈ ಚಾಚಿದಾಗ ದಂಡ ತಿರುಗಿತು. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಹೋದವು.

ವಿಚಾರಣೆಗೆ ಕೂರಿಸಿ ಕೇಳಿದರು: "ಚೀಟಿ ತೆಗೆಯೋ ಮೊದಲು ಯಾರ ಹತ್ರ ಮಾತಾಡಿದ್ರಿ?" ನಾನು, "ಹತ್ತಿದ್ದವರ ಹತ್ರಾನೇ ಮಾತಾಡ್ದೆ ಸಾರ್. ಇಳಿದೆ ಅಂದ್ರು" ಎಂದೆ. ಬೆಟ್ಟದ ಮೇಲೆ ಇಬ್ಬರಿಗೂ ಸೇರಿ ಒಂದೇ ಫೋನ್, ಮಾತಾಡಿದ್ದು ಯಾರೆಂದು ನಂಬರಿನಿಂದ ಗೊತ್ತಾಗದು. ಜೊತೆಯವನಿಗೂ ತನ್ನ ತಲೆ ಉಳಿದರೆ ಸಾಕಿತ್ತು, ಅವನೂ ಹೌದೆಂದ. ಇಳಿದೆನೆಂದು ಫೋನ್ ಮಾಡಿ, ಹೇಳದೆ ಕೇಳದೆ ಮತ್ತೆ ಹತ್ತಿದ್ದು ಬೆರಳು ಕಳೆದುಕೊಂಡವನದೇ ತಪ್ಪು ಎಂದು ಬರೆದರು. ಅವನ ಕೆಲಸ ಹೋಯಿತು. ನನ್ನದು ಉಳಿಯಿತು. ಉಳಿಯಿತೇನು, ಮುಂದೆ ಬಡ್ತಿಯೂ ಸಿಕ್ಕಿತು.

ಆ ಚೀಟಿಯನ್ನು ಎಸೆಯಲು ಆಗಲಿಲ್ಲ. ಸ್ಕೂಟರಿನ ಕಾಗದಪತ್ರಗಳ ಹಿಂದೆ ತುರುಕಿ ಇಟ್ಟುಕೊಂಡೆ. ಮನೆಯಲ್ಲಿ ಯಾರಾದರೂ ಅಟ್ಟ ಹತ್ತಿದರೆ, "ಇಳಿದೆ" ಎಂದು ಅವರೇ ಹೇಳುವವರೆಗೆ ಏಣಿಯ ಬುಡದಿಂದ ಕದಲುತ್ತಿರಲಿಲ್ಲ. "ಏನಮ್ಮಾ ನಿಂದು ರಗಳೆ" ಎಂದು ಮಗಳು ನಗುತ್ತಿದ್ದಳು. ಆಷಾಢ ಬಂದು ಅಡುಗೆಮನೆಯ ಕಿಟಕಿ ಬಡಿಯತೊಡಗಿದರೆ, ಆ ಗಾಳಿಯೊಳಗೆ "ಆತಲ್ಲ? ಆತಲ್ಲ?" ಎಂದು ಕೇಳಿದ ಹಾಗೆ ಆಗುತ್ತಿತ್ತು. ಭಯವಾಗುತ್ತಿತ್ತು, ನಾಚಿಕೆಯಾಗುತ್ತಿತ್ತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಅದೇ ಹನ್ನೊಂದನೇ ಚುಕ್ಕೆಯ ಮುಂದೆ ಹೋಗಿ ಕೂರುತ್ತಿದ್ದೆ.

ಆಫೀಸು ದೊಡ್ಡದಾಗಿ ಊರಿನ ಆ ತುದಿಯ ಗಾಜಿನ ಕಟ್ಟಡಕ್ಕೆ ಹೋಯಿತು. ಈಗ ಗೋಡೆಯ ತುಂಬ ಪರದೆಗಳು. ಚೀಟಿಯ ಬದಲು ಕಂಪ್ಯೂಟರಿನಲ್ಲೇ ಗುರುತು ಹಾಕುತ್ತೇವೆ. ವಿಜಯನಗರದವರೆಗೆ ಸ್ಕೂಟರಿನಲ್ಲಿ ಹೋಗಿ ಅಲ್ಲಿಂದ ಮೆಟ್ರೋ ಹಿಡಿಯುವುದು ನನ್ನ ರೂಢಿಯಾಯಿತು. ಒಂದು ಬೆಳಿಗ್ಗೆ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸುತ್ತಿದ್ದೆ. ಹಿಂದಿನಿಂದ ಯಾರೋ, "ಸ್ವಲ್ಪ ಸಾಲಿಗೆ ಹಚ್ರಿ ಅಕ್ಕಾರ. ಆತಲ್ಲ?" ಎಂದರು.

ಅದೇ ದನಿ. ತಿರುಗಿ ನೋಡಿದೆ. ಖಾಕಿ ಅಂಗಿ, ಮೂವತ್ತರ ಆಸುಪಾಸಿನ ಆಳು, ಎಡಗೈಯಲ್ಲಿ ಟೋಕನ್ ಹಿಡಿದಿದ್ದ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ಅಷ್ಟೇ. ಪಕ್ಕದಲ್ಲಿ ಬೈಕ್ ನಿಲ್ಲಿಸುತ್ತಿದ್ದವರು, "ಕೈಗೇನಾಯ್ತು ಅಣ್ಣ?" ಎಂದರು. "ನಮ್ಮೂರ ಗಾಳಿ ಫ್ಯಾನಿನಾಗ ಸಿಕ್ತ್ರಿ" ಎಂದ, ದಿನಾ ಹೇಳಿ ಸವೆದುಹೋದ ಮಾತಿನ ಹಾಗೆ.

ನನ್ನ ಮುಖ ಅವನಿಗೆ ಗೊತ್ತಿಲ್ಲ, ದನಿ ಗೊತ್ತು. ಹಾಗಾಗಿ ಬಾಯಿ ಬಿಡಲಿಲ್ಲ. ಟೋಕನ್ ಇಸಿದುಕೊಂಡು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದೆ. ಬೇರೆ ಕಡೆ ಗಾಡಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಯಾಕೋ ದಿನಾ ಅಲ್ಲಿಗೇ ಹೋದೆ. ಕೆಲವೇ ದಿನಗಳಲ್ಲಿ ಅವನು ನನ್ನನ್ನು ಮೂಗಿ ಎಂದುಕೊಂಡ. ನನ್ನೊಂದಿಗೆ ಕೈಸನ್ನೆ ಮಾಡತೊಡಗಿದ: ಇಲ್ಲಿ ನಿಲ್ಲಿಸಿ, ಮಳೆ ಬರುತ್ತೆ, ಕೊಡೆ ಇದೆಯಾ. ಎಲ್ಲವನ್ನೂ ಆ ಎರಡೇ ಬೆರಳಿನಲ್ಲಿ. ನನಗಾಗಿ ನೆರಳಿನಲ್ಲಿ ಒಂದು ಜಾಗ ಹಿಡಿದಿಡುತ್ತಿದ್ದ. ನಾನು ತಲೆಯಾಡಿಸಿ ಗಾಡಿಯನ್ನು ಅಲ್ಲೇ ನಿಲ್ಲಿಸುತ್ತಿದ್ದೆ.

ಒಂದು ಸಂಜೆ ಹಿಂತಿರುಗಿದಾಗ ನನ್ನ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಹಿಂದೆ ಸಿಕ್ಕಿಕೊಂಡಿದ್ದ ಡೆಲಿವರಿ ಹುಡುಗನಿಗೆ ಅವಸರ. "ಆಂಟಿ, ಗಾಡಿ ತೆಗೀರಿ! ಎಷ್ಟು ಸಲ ಹೇಳೋದು? ಕಿವಿ ಕೇಳಲ್ವಾ?" ಎಂದು ಕಿರುಚಿದ. ಇವನು ಓಡಿ ಬಂದು ನಡುವೆ ನಿಂತ. "ಏ ತಮ್ಮಾ, ಸಾವಕಾಶ ಮಾತಾಡು. ಪಾಪ, ಅವರಿಗೆ ಮಾತ ಬರಂಗಿಲ್ಲ."

ನನ್ನಿಂದ ಇನ್ನು ಆಗಲಿಲ್ಲ. ಆ ಹುಡುಗ ಗಾಡಿ ಸರಿಸಿಕೊಂಡು ಹೋಗುವವರೆಗೆ ಕಾದು, ಹೆಲ್ಮೆಟ್ ತೆಗೆದೆ.

"ನಂಗೆ ಮಾತು ಬರುತ್ತೆ" ಎಂದೆ.

ಅವನು ಬಲಗೈಯನ್ನು ಜೇಬಿಗೆ ಸೇರಿಸಿದ. ದನಿಯ ಗುರುತು ಹತ್ತಿದವನಂತೆ ನನ್ನನ್ನೇ ನೋಡಿ, "ಅಕ್ಕಾರ?" ಎಂದ.

"ಅವತ್ತು ನೀವು ಫೋನ್ ಮಾಡಿರ್ಲಿಲ್ಲ. ನಿಮ್ಮ ಜೊತೆಯವರು ಹೇಳಿದ್ದಕ್ಕೆ ಮಷೀನ್ ಬಿಟ್ಟೆ. ಆಮೇಲೆ ವಿಚಾರಣೇಲಿ ಸುಳ್ಳು ಹೇಳ್ದೆ."

ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದೇ ಕಾದೆ. ಅವನು ಪರೀಕ್ಷೆಯ ಫಲಿತಾಂಶ ಕೇಳುವವನಂತೆ ಮೆಲ್ಲಗೆ, "ಹೌದಲ್ರಿ? ಮಾಡಿದ್ದಿಲ್ಲಲ್ರಿ ನಾ?" ಎಂದ. "ಎಲ್ಲಾರೂ ಮಾಡಿದಿ, ಮಾಡಿದಿ ಅಂದ್ರು. ಒಮ್ಮೊಮ್ಮೆ ನನಗೂ ಮಾಡೇನೇನೋ ಅನಸ್ತಿತ್ರಿ. ಊರಾಗ ನಮ್ಮ ಹೇಂತಿ ಇನ್ನೂ ಅಂತಾಳ, ನಿನ್ನ ಕೈ ನೀನ ಕಳ್ಕೊಂಡಿ ಅಂತ."

"ಆಫೀಸಿಗೆ ಬರೆದುಕೊಡ್ತೀನಿ" ಎಂದೆ.

"ಅದು ಆಮ್ಯಾಲ್ರಿ. ಮೊದಲ ಮನ್ಯಾಗ ಗೊತ್ತಾಗ್ಲಿ." ಎಡಗೈಯಿಂದ ಮೊಬೈಲ್ ತೆಗೆದು, ನಂಬರ್ ಒತ್ತಿ, ನನ್ನ ಕೈಗಿಟ್ಟ. "ನಾ ಹೇಳಿದ್ರ ನಂಬಂಗಿಲ್ಲ. ನಿಮ್ಮ ಬಾಯಿಂದನ ಕೇಳ್ಲಿ ಆಕಿ. ಆತಲ್ಲ?"

"ಆಯ್ತು" ಎಂದೆ.

ಫೋನಿನಲ್ಲಿ ಮೊದಲು ಕೇಳಿಸಿದ್ದು ಗಾಳಿ. ಅದೇ ಗಾಳಿ. ಆಮೇಲೆ ಹೆಂಗಸಿನ ದನಿ. "ಹಲೋ? ಯಾರ್ರೀ?"

"ಬೆಂಗಳೂರಿಂದ ಅಕ್ಕಾ, ಕಂಟ್ರೋಲ್ ರೂಮಿನವಳು" ಎಂದೆ. "ನಿಮ್ಮ ಯಜಮಾನ್ರು ಅವತ್ತು ನಂಗೆ ಫೋನ್ ಮಾಡಿರ್ಲಿಲ್ಲ. ತಪ್ಪು ನಂದು."

ಇವನು ಅತ್ತ ತಿರುಗಿ, ಯಾರದೋ ಬೈಕನ್ನು ಎರಡು ಬೆರಳಿನಲ್ಲಿ ಹಿಡಿದು ಸಾಲಿಗೆ ನಿಲ್ಲಿಸುತ್ತಿದ್ದ.

"ಇನ್ನೊಂದ ಸಲ ಹೇಳ್ರಿ" ಎಂದಳು ಅವಳು.

ಇನ್ನೊಂದು ಸಲ ಹೇಳಿದೆ.